ಒಳಗೆ ಹೋಗಬಹುದೇ? ಓದುಗರ ಕಲಾ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೆಲಸಕ್ಕಾಗಿ ಈಚೆಗೆ ದೊಡ್ಡ ನಗರಕ್ಕೆ ಬಂದವಳು ನಾನು. ಕಚೇರಿಯ ದಾರಿಯಲ್ಲಿ ಒಂದು ಆರ್ಟ್ ಗ್ಯಾಲರಿ ಇದೆ. ಗಾಜಿನ ಬಾಗಿಲಿನ ಒಳಗೆ, ಮೇಜಿನ ಹಿಂದೆ ಯಾರೋ ಒಬ್ಬರೇ ಕುಳಿತಿರುತ್ತಾರೆ. ಕೊಳ್ಳುವ ಶಕ್ತಿ ನನಗಿಲ್ಲ, ಈಗಿನ ಕಲೆ ಅರ್ಥವೂ ಆಗುವುದಿಲ್ಲ. ಸುಮ್ಮನೆ ಹೋದರೆ ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆ.

ಉತ್ತರ: ನಾಳೆಯೇ ಹೋಗಿ. ಖಾಸಗಿ ಗ್ಯಾಲರಿಗಳು ನಡೆಯುವುದು ಕೃತಿಗಳ ಮಾರಾಟದಿಂದ. ಹಾಗಾಗಿ ಹೆಚ್ಚಿನ ಕಡೆ ಪ್ರವೇಶಕ್ಕೆ ದುಡ್ಡಿಲ್ಲ. ಬರುವವರಲ್ಲಿ ಬಹುಪಾಲು ಜನ ನೋಡಲಷ್ಟೇ ಬಂದವರೆಂದು ಮೇಜಿನ ಹಿಂದಿರುವವರಿಗೆ ಚೆನ್ನಾಗಿ ಗೊತ್ತು. ಕೃತಿಯ ಪಕ್ಕದಲ್ಲಿ ಕೆಂಪು ಚುಕ್ಕೆ ಕಂಡರೆ ಅದು ಮಾರಾಟವಾಗಿದೆ ಎಂದು ತಿಳಿಯಿರಿ. ಬೆಲೆಯ ಪಟ್ಟಿ ಮತ್ತು ಕಲಾವಿದರ ಟಿಪ್ಪಣಿಯನ್ನು ಕೇಳಿ ಪಡೆಯಬಹುದು. ಟಿಕೆಟ್ ಇರುವುದು ಹೆಚ್ಚಾಗಿ ಸಂಗ್ರಹಾಲಯಗಳಲ್ಲಿ. ಅವುಗಳಲ್ಲಿ ಹಲವಕ್ಕೆ ಸೋಮವಾರ ರಜೆ, ವಿಚಾರಿಸಿಕೊಂಡೇ ಹೊರಡಿ.

ಇನ್ನು ಅರ್ಥದ ಮಾತು. ಒಳಗೆ ಹೋದವರು ಸಾಮಾನ್ಯವಾಗಿ ಮೊದಲು ಬಾಗುವುದು ಗೋಡೆಯ ಚೀಟಿಯತ್ತ. ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ ಓದಿಕೊಂಡು, ತಲೆ ಎತ್ತಿ ಕೃತಿಯನ್ನೊಮ್ಮೆ ನೋಡಿ ಮುಂದಕ್ಕೆ ನಡೆಯುತ್ತಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಜನ ಒಂದು ಕೃತಿಯನ್ನು ನೋಡಿದ ಸರಾಸರಿ ಸಮಯ ಸುಮಾರು 27 ಸೆಕೆಂಡು. ಇಷ್ಟರಲ್ಲಿ ಅರ್ಥವಾಗಲಿಲ್ಲವೆಂದು ಯಾರಾದರೂ ತಮ್ಮನ್ನೇ ಹಳಿದುಕೊಂಡರೆ ನನಗೆ ಸಂಕಟವಾಗುತ್ತದೆ.

ನೀವು ಹೀಗೆ ಮಾಡಿ. ಇಡೀ ಪ್ರದರ್ಶನವನ್ನು ಒಂದು ಸುತ್ತು ಬೇಗ ನೋಡಿ ಮುಗಿಸಿ. ಯಾವುದರ ಮುಂದೆ ಕಾಲು ತಾನಾಗಿ ನಿಂತಿತೋ ಆ ಒಂದಕ್ಕೆ ಮರಳಿ ಬಂದು ಹತ್ತು ನಿಮಿಷ ಕೊಡಿ. ದೂರದಿಂದ ನೋಡಿ, ಆಮೇಲೆ ಹತ್ತಿರ ಬಂದು ಅಂಚುಗಳನ್ನು ನೋಡಿ. ಬಣ್ಣ ಕ್ಯಾನ್ವಾಸಿನ ಪಕ್ಕಕ್ಕೂ ಇಳಿದಿದೆಯೇ? ಎಳೆದ ಗೆರೆಯನ್ನು ಒರೆಸಿ ಮತ್ತೆ ಎಳೆದಿದ್ದಾರೆಯೇ? ಎಲ್ಲಿ ಅವಸರವಿದೆ, ಎಲ್ಲಿ ತಾಳ್ಮೆಯಿದೆ? ವಿಡಿಯೊ ಕೃತಿಯ ನಡುವೆ ಹೊಕ್ಕರೆ ಅದು ಮೊದಲಿಗೆ ಬರುವವರೆಗೂ ಕುಳಿತಿರಿ. ಚೀಟಿ ಓದುವುದು ಇದೆಲ್ಲ ಆದಮೇಲೆ. ಉದ್ಘಾಟನೆಯ ಸಂಜೆ ಹೋದರೆ ಕಲಾವಿದರು ಮಾತಿಗೆ ಸಿಗಬಹುದು, ಆದರೆ ಜನರ ಬೆನ್ನುಗಳ ನಡುವೆ ಕೃತಿ ಕಾಣುವುದಿಲ್ಲ. ನನಗಂತೂ ವಾರದ ನಡುವಿನ ಮಧ್ಯಾಹ್ನವೇ ಇಷ್ಟ.

ಪ್ರಶ್ನೆ: ಒಂದು ಕಲಾ ಪುಸ್ತಕದಲ್ಲಿ ಎರಡು ಚಿತ್ರ ನೋಡಿದೆ. ಒಂದರಲ್ಲಿ ಕಪ್ಪು ಹಲಗೆಯ ಮೇಲೆ ಬರೀ ತಾರೀಖು, ಇನ್ನೊಂದರಲ್ಲಿ ಕೋಣೆಯ ಮೂಲೆಯಲ್ಲಿ ಮಿಠಾಯಿಯ ರಾಶಿ. ನನ್ನ ಮೊಮ್ಮಗಳೂ ಇಷ್ಟು ಮಾಡಿಯಾಳು. ಇದನ್ನು ಕಲೆಯೆಂದು ಏಕೆ ಒಪ್ಪಬೇಕು? – ನಿವೃತ್ತ ಲೆಕ್ಕಿಗರು

ಉತ್ತರ: ಒಪ್ಪಲೇಬೇಕೆಂಬ ಒತ್ತಾಯವಿಲ್ಲ ಹಿರಿಯರೇ, ಆದರೆ ತೀರ್ಮಾನಕ್ಕೆ ಮೊದಲು ಇದನ್ನಿಷ್ಟು ಕೇಳಿ. ತಾರೀಖಿನ ಚಿತ್ರ ಜಪಾನಿನ ಕಲಾವಿದ ಆನ್ ಕವಾರ ಅವರದಿರಬೇಕು. ಬರೆದ ದಿನದ ತಾರೀಖನ್ನೇ ತೋರಿಸುವ ಈ ಚಿತ್ರಗಳ ಸರಣಿಯನ್ನು ಅವರು 1966ರ ಜನವರಿ 4ರಂದು ಶುರುಮಾಡಿದರು. ಅಕ್ಷರಗಳನ್ನು ಅಚ್ಚಿಟ್ಟು ತುಂಬದೆ ಕೈಯಿಂದಲೇ ಬರೆಯುತ್ತಿದ್ದರು. ಆ ದಿನದ ಚಿತ್ರ ಅಂದಿನ ಮಧ್ಯರಾತ್ರಿಯೊಳಗೆ ಮುಗಿಯದಿದ್ದರೆ ನಾಶಮಾಡುತ್ತಿದ್ದರು. ದಶಕಗಳ ಕಾಲ ಹೀಗೆಯೇ ನಡೆಯಿತು. ಲೆಕ್ಕದ ಪುಸ್ತಕದಲ್ಲಿ ದಿನದ ಬಾಬತ್ತನ್ನು ಆ ದಿನವೇ ಬರೆದಿಟ್ಟ ನಿಮಗೆ ಈ ಶಿಸ್ತಿನ ಭಾರ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮಿಠಾಯಿಯ ರಾಶಿ ಅಮೆರಿಕದ ಕಲಾವಿದ ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಅವರ 1991ರ ಕೃತಿ ಎಂದು ನಿಮ್ಮ ವರ್ಣನೆಯಿಂದ ಊಹಿಸುತ್ತೇನೆ. ಅವರ ಸಂಗಾತಿ ರಾಸ್ ಅವರು ಏಡ್ಸ್‌ನಿಂದ ತೀರಿಕೊಂಡ ವರ್ಷ ಅದು. ರಾಶಿಗೆ ಗೊತ್ತುಪಡಿಸಿದ ಆದರ್ಶ ತೂಕ 175 ಪೌಂಡು, ಅಂದರೆ ಸುಮಾರು 79 ಕಿಲೊ. ಕಾಯಿಲೆ ಬೀಳುವ ಮುಂಚಿನ ರಾಸ್ ಅವರ ದೇಹದ ತೂಕವೆಂದೇ ಬಹಳಷ್ಟು ಜನ ಅದನ್ನು ಗ್ರಹಿಸಿದ್ದಾರೆ. ನೋಡಲು ಬಂದವರು ಒಂದೊಂದು ಮಿಠಾಯಿ ತೆಗೆದುಕೊಂಡು ಹೋಗಬಹುದು, ರಾಶಿ ಕರಗುತ್ತ ಹೋಗುತ್ತದೆ. ಅದನ್ನು ಮತ್ತೆ ತುಂಬಲೂಬಹುದು. ಪ್ರೀತಿಸಿದವರು ಕಣ್ಣೆದುರೇ ಸೊರಗುವುದನ್ನು ಕಂಡವರಿಗೆ ಇದಕ್ಕಿಂತ ನೇರವಾದ ಮಾತು ಬೇಕೇ? ಈ ಕೃತಿಯನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಹಾಗೆಂದು ಪ್ರದರ್ಶನಗಳಲ್ಲಿ ಕಾಣುವುದೆಲ್ಲ ಈ ಎತ್ತರದ್ದೆಂದು ನಾನು ಹೇಳಲಾರೆ. ಗೋಡೆಯಗಲದ ವಿವರಣೆಯ ನೆರಳಿನಲ್ಲಿ ಬಡಕಲು ಕೃತಿಗಳು ಎಷ್ಟೋ ಇರುತ್ತವೆ. ವಿವರಣೆ ಓದಿದ ಮೇಲೂ ಕೃತಿಯತ್ತ ತಿರುಗಿ ನೋಡಬೇಕೆನಿಸದಿದ್ದರೆ ಧೈರ್ಯವಾಗಿ ಮುಂದೆ ನಡೆಯಿರಿ.

ಪ್ರಶ್ನೆ: ಬೀದಿಯ ಗೋಡೆಚಿತ್ರಗಳನ್ನು ಹುಡುಕಿಕೊಂಡು ತಿರುಗುವುದು ನನ್ನ ಹವ್ಯಾಸ. ಬಹಳ ಇಷ್ಟಪಟ್ಟ ಒಂದು ಚಿತ್ರಕ್ಕೆ ಯಾರೋ ಬಣ್ಣ ಬಳಿದುಬಿಟ್ಟರು. ಇಂಥವನ್ನು ಕಿತ್ತು ಸಂಗ್ರಹಾಲಯದಲ್ಲಿಟ್ಟು ಉಳಿಸಬಾರದೇ? – ವಿದ್ಯಾರ್ಥಿ

ಉತ್ತರ: ನಿಮ್ಮ ನೋವು ನನ್ನದೂ ಹೌದು. ಆದರೆ ಕೀಳುವ ಯೋಚನೆಗೆ ನನ್ನ ಒಪ್ಪಿಗೆಯಿಲ್ಲ. ಇಟಲಿಯ ಬೊಲೊನ್ಯಾದಲ್ಲಿ 2016ರಲ್ಲಿ ಬೀದಿಯ ಚಿತ್ರಗಳನ್ನು ಗೋಡೆಯಿಂದ ಬೇರ್ಪಡಿಸಿ ಪ್ರದರ್ಶನಕ್ಕಿಡಲು ಹೊರಟಾಗ, ಬ್ಲೂ ಎಂಬ ಕಲಾವಿದ ಪ್ರತಿಭಟಿಸಿ ಆ ನಗರದಲ್ಲಿದ್ದ ತನ್ನದೇ ಚಿತ್ರಗಳ ಮೇಲೆ ಬೂದು ಬಣ್ಣ ಬಳಿದ. ಇಪ್ಪತ್ತು ವರ್ಷಗಳಲ್ಲಿ ಬರೆದವು ಅವು. ಆತನ ನಿಲುವಿನಲ್ಲಿ ನನಗೆ ನ್ಯಾಯ ಕಾಣುತ್ತದೆ. ಕಿಟಕಿ, ಬಿರುಕು, ಎದುರಿನ ಮರ, ಕೆಳಗೆ ಓಡಾಡುವ ಜನ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಬರೆದ ಚಿತ್ರ ಅದು. ಗೋಡೆ ಬಿಟ್ಟು ಬಂದರೆ ಅರ್ಧ ಚಿತ್ರವೇ ಅಲ್ಲಿ ಉಳಿಯುತ್ತದೆ.

ಆದರೆ ಕಲಾವಿದ ತಾನೇ ಅಳಿಸುವುದು ಬೇರೆ, ಮಾಲೀಕ ಹೇಳದೆ ಕೇಳದೆ ಅಳಿಸುವುದು ಬೇರೆ. ನ್ಯೂಯಾರ್ಕಿನ ಫೈವ್ ಪಾಯಿಂಟ್ಜ್ ಎಂಬ ಕಟ್ಟಡದ ಗೋಡೆಗಳಲ್ಲಿ ಒಪ್ಪಿಗೆ ಪಡೆದೇ ಬರೆದ ಚಿತ್ರಗಳಿದ್ದವು. 2013ರಲ್ಲಿ ರಾತ್ರೋರಾತ್ರಿ ಅವುಗಳ ಮೇಲೆ ಬಿಳಿ ಬಣ್ಣ ಬಿತ್ತು. ಕಲಾಕೃತಿಗಳನ್ನು ಹಾಳುಗೆಡವದಂತೆ ರಕ್ಷಣೆ ಕೊಡುವ ಅಲ್ಲಿನ 1990ರ ಕಾನೂನೊಂದು ಕಲಾವಿದರ ನೆರವಿಗೆ ಬಂದು, 2018ರಲ್ಲಿ ನ್ಯಾಯಾಲಯ 21 ಮಂದಿಗೆ ಒಟ್ಟು 67 ಲಕ್ಷ ಡಾಲರ್ ಪರಿಹಾರ ವಿಧಿಸಿತು. ನನಗೆ ಇದು ಬಹಳ ಸಮಾಧಾನ ಕೊಟ್ಟ ತೀರ್ಪು.

ನೀವು ಮಾಡಬಹುದಾದದ್ದು ದಾಖಲಿಸುವ ಕೆಲಸ. ಚಿತ್ರವನ್ನಷ್ಟೇ ಕತ್ತರಿಸಿದಂತೆ ಫೋಟೊ ತೆಗೆಯಬೇಡಿ. ಇಡೀ ಬೀದಿ ಕಾಣುವಂತೆ ಒಂದು, ದಾರಿಹೋಕರ ಎತ್ತರದೊಡನೆ ಹೋಲಿಸಿ ನೋಡುವಂತೆ ಒಂದು, ಮೂಲೆಯ ಸಹಿ ಓದಲು ಬರುವಂತೆ ಒಂದು ತೆಗೆಯಿರಿ. ಜಾಗ, ದಿನಾಂಕ ಬರೆದಿಡಿ. ಹಂಚಿಕೊಳ್ಳುವಾಗ ಕಲಾವಿದರ ಹೆಸರು ಹಾಕಿ, ಹಣ ಬರುವ ಬಳಕೆಯಾದರೆ ಮೊದಲು ಅವರ ಅನುಮತಿ ಕೇಳಿ. ಅಂಗಡಿಗಳ ಶಟರ್ ಮೇಲಿನ ಚಿತ್ರಗಳು ಬೇಕಾದರೆ ಅಂಗಡಿ ತೆರೆಯುವ ಮುಂಚೆ ಬೆಳಿಗ್ಗೆಯೇ ಹೋಗಬೇಕು. ಎಂಥ ಚೆಂದದ ಚಿತ್ರವಿದ್ದರೂ ರೈಲು ಹಳಿಗೆ ಇಳಿಯಬೇಡಿ.

ಪ್ರಶ್ನೆ: ಐದು ವರ್ಷದ ಮಗನನ್ನು ಪ್ರದರ್ಶನಕ್ಕೆ ಕರೆದೊಯ್ಯಬಹುದೇ?

ಉತ್ತರ: ಖಂಡಿತ. ಮುಕ್ಕಾಲು ಗಂಟೆ ಸಾಕು. ಮುಟ್ಟಬಹುದಾದದ್ದು ಯಾವುದು, ಮುಟ್ಟಬಾರದ್ದು ಯಾವುದು ಎಂದು ಬಾಗಿಲಲ್ಲೇ ಸಿಬ್ಬಂದಿಯನ್ನು ಕೇಳಿ ಮಗುವಿಗೂ ತಿಳಿಸಿ. ‘ಇದು ಏನು?’ ಎಂದು ಪರೀಕ್ಷೆ ಮಾಡುವ ಬದಲು ‘ನಿನಗೆ ಏನೇನು ಕಾಣುತ್ತದೆ?’ ಎಂದು ಕೇಳಿ. ಒಂದು ಪೆನ್ಸಿಲ್, ಹಾಳೆ ಜೊತೆಗಿರಲಿ. ಪೆನ್ನು ಬೇಡ, ಅನೇಕ ಸಂಗ್ರಹಾಲಯಗಳಲ್ಲಿ ಅದಕ್ಕೆ ಅವಕಾಶವಿಲ್ಲ.