ಹೊಸ ಗ್ಯಾಜೆಟ್ ಬಂದಾಗ ನಾನು ಮೊದಲು ಕೇಳೋದು ಅದರ ಕೊನೆ ದಿನದ ಬಗ್ಗೆ

ನೀವು ಕೇಳಿರೋದು ಇಷ್ಟು: ಟೆಕ್ ಕಂಪನಿಗಳು ಬಿಡ್ತಿರೋ ಹೊಸ ಹೊಸ ಪ್ರಾಡಕ್ಟ್‌ಗಳ ಬಗ್ಗೆ ನಿಮ್ಮ ನೇರ ಅಭಿಪ್ರಾಯ ಏನು, ಯಾವ ಕಂಪನಿನ ನಂಬಬಹುದು, ಎಐ ಗ್ಯಾಜೆಟ್‌ಗೆ ಈಗಲೇ ದುಡ್ಡು ಹಾಕಬಹುದಾ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿ ಇರೋನು, ಒಂದು ಆ್ಯಪ್ ಎಲ್ಲೆಲ್ಲಿ ಕೈ ಕೊಡುತ್ತೆ ಅಂತ ದಿನವಿಡೀ ಹುಡುಕೋದೇ ನನ್ನ ಕೆಲಸ, ಹಾಗಾಗಿ ಲಾಂಚ್ ವಿಡಿಯೋ ನೋಡಿ ನಂಗೆ ಯಾವತ್ತೂ ಸಮಾಧಾನ ಆಗಲ್ಲ. ಲಾಂಚ್ ದಿನ ಯಾವ ಪ್ರಾಡಕ್ಟ್ ತಾನೇ ಚೆನ್ನಾಗಿ ಕಾಣಲ್ಲ ಹೇಳಿ. ಶರಣರ ಗುಣವನ್ನ ಮರಣದಲ್ಲಿ ನೋಡು ಅಂತಾರಲ್ಲ, ಟೆಕ್ ಕಂಪನಿಗಳನ್ನ ನಾನು ಅಳೆಯೋದೂ ಹಾಗೇನೇ. ತಾನು ಮಾರಿದ ವಸ್ತು ಮೇಲೆ ಕಂಪನಿಗೆ ಆಸಕ್ತಿ ಹೋದ ದಿನ, ಕೊಂಡವರ ಕೈಲಿ ಏನು ಉಳಿಯುತ್ತೆ? ಈ ಒಂದು ಪ್ರಶ್ನೆ ಕೇಳಿದ್ರೆ ಸಾಕು, ಕಂಪನಿ ಜಾತಕ ಪೂರ್ತಿ ಗೊತ್ತಾಗುತ್ತೆ.

ಈ ಪ್ರಶ್ನೆ ನನ್ನ ತಲೇಲಿ ಕೂತಿದ್ದು ಒಂದು ಫೋಟೋ ಫ್ರೇಮ್‌ನಿಂದ. ಅಮ್ಮನಿಗೆ ಅಂತ ವೈಫೈ ಇರೋ ಡಿಜಿಟಲ್ ಫ್ರೇಮ್ ತಗೊಂಡಿದ್ದೆ, ನಾನು ಎಲ್ಲೇ ಇದ್ರೂ ಫೋನಿಂದ ಫೋಟೋ ಕಳಿಸಿದ್ರೆ ಅಲ್ಲಿ ಅಮ್ಮನ ಟೇಬಲ್ ಮೇಲೆ ಬರೋದು, ಅವರು ಬೆಳಗ್ಗೆ ಎದ್ದು ಮೊದಲು ನೋಡ್ತಿದ್ದಿದ್ದೇ ಅದನ್ನ. ಮೂರು ವರ್ಷ ಚೆನ್ನಾಗಿತ್ತು. ಒಂದು ದಿನ ಅಮ್ಮ ಫೋನ್ ಮಾಡಿ "ಏನೋ ಇದು, ಬರೀ ಉಂಗುರ ಸುತ್ತುತಾ ಇದೆ" ಅಂದ್ರು. ಹೋಗಿ ನೋಡಿದ್ರೆ ಕಪ್ಪು ಸ್ಕ್ರೀನು, ಮಧ್ಯದಲ್ಲಿ ಬಿಳಿ ಉಂಗುರ, ಕೆಳಗೆ ಕನೆಕ್ಟ್ ಆಗ್ತಿದೆ ಅನ್ನೋ ಸಾಲು. ವೈಫೈ ಸರಿ ಇತ್ತು, ಫ್ರೇಮೂ ಸರಿ ಇತ್ತು, ಸ್ಕ್ರೀನಲ್ಲಿ ಒಂದು ಗೀರೂ ಇರಲಿಲ್ಲ. ಫೋಟೋ ತಲುಪಿಸ್ತಿದ್ದ ತನ್ನ ಸರ್ವರ್ ಕಂಪ್ಯೂಟರನ್ನ ಕಂಪನಿ ಮುಚ್ಚಿತ್ತು ಅಷ್ಟೇ, ಅದನ್ನ ತಿಳಿಸೋ ಒಂದು ಮೇಲ್ ನನ್ನ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿತ್ತು. ಅಪ್ಪ ಇದ್ದಾಗಿನ ಫೋಟೋಗಳೂ ಸೇರಿ 400ಕ್ಕೂ ಹೆಚ್ಚು ಇದ್ವು ಅದರಲ್ಲಿ. ಪುಣ್ಯಕ್ಕೆ ಮೂಲ ಫೋಟೋಗಳು ನನ್ನ ಹಾರ್ಡ್ ಡಿಸ್ಕಲ್ಲಿದ್ವು, ಆದ್ರೆ ಅವತ್ತು ಅಮ್ಮನ ಮುಖ ನೋಡೋಕೆ ಆಗಲಿಲ್ಲ ನಂಗೆ. ದುಡ್ಡು ಕೊಟ್ಟು ತಂದು ನಮ್ಮನೆ ಟೇಬಲ್ ಮೇಲೆ ಇಟ್ಕೊಂಡ ವಸ್ತು, ಅದರ ಪ್ರಾಣ ಮಾತ್ರ ಇನ್ಯಾರದೋ ಬಿಲ್ಡಿಂಗಲ್ಲಿ. ಏಳು ಸಮುದ್ರದಾಚೆ ಗಿಣಿಯೊಳಗೆ ಪ್ರಾಣ ಇಟ್ಟಿರೋ ರಾಕ್ಷಸನ ಕಥೆ ಚಿಕ್ಕವರಿದ್ದಾಗ ಕೇಳಿದ್ವಲ್ಲ, ಈಗಿನ ಸ್ಮಾರ್ಟ್ ಗ್ಯಾಜೆಟ್‌ಗಳೆಲ್ಲ ಅದೇ ಜಾತಿ.

ಈಗ ನೀವು ಕೇಳಿದ ಎಐ ಗ್ಯಾಜೆಟ್‌ಗೇ ಬರ್ತೀನಿ. ಹ್ಯೂಮೇನ್ ಅಂತ ಒಂದು ಕಂಪನಿ, ಆ್ಯಪಲ್‌ನಲ್ಲಿ ದೊಡ್ಡ ಕೆಲಸ ಮಾಡಿ ಹೊರಬಂದವರು ಕಟ್ಟಿದ್ದು, ಎಐ ಪಿನ್ ಅಂತ ಬಿಟ್ರು. ಅಂಗಿಗೆ ಬ್ಯಾಡ್ಜ್ ಥರ ಸಿಕ್ಕಿಸ್ಕೋಬೇಕು, ಮಾತಾಡಿದ್ರೆ ಉತ್ತರ ಹೇಳುತ್ತೆ, ಅಂಗೈ ಮುಂದೆ ಹಿಡಿದ್ರೆ ಅದರ ಮೇಲೆ ಲೇಸರಲ್ಲಿ ಅಕ್ಷರ ಮೂಡಿಸುತ್ತೆ. ಐಡಿಯಾ ಏನೋ ಸೊಗಸಾಗಿದೆ, ನಾನೂ ಬಾಯಿ ಬಿಟ್ಕೊಂಡು ನೋಡಿದ್ದೆ. 2024ರ ಏಪ್ರಿಲಲ್ಲಿ ಜನರ ಕೈಗೆ ಬಂತು, ಬೆಲೆ 699 ಡಾಲರ್, ಅದರ ಮೇಲೆ ತಿಂಗಳಿಗೆ 24 ಡಾಲರ್ ಚಂದಾ. ವಿಮರ್ಶೆ ಮಾಡಿದವರು ಬಿಸಿ ಆಗುತ್ತೆ, ಉತ್ತರ ತಡ ಮಾಡುತ್ತೆ, ಎಷ್ಟೋ ಸಲ ತಪ್ಪೇ ಹೇಳುತ್ತೆ ಅಂತ ಬರೆದ್ರು. ಅದೆಲ್ಲ ಮೊದಲ ಮಾಡೆಲ್ ಅಂತ ಕ್ಷಮಿಸಬಹುದಿತ್ತು. ಕ್ಷಮಿಸೋಕೆ ಆಗದೇ ಇರೋದು ಮುಂದಿನದು: 2025ರ ಫೆಬ್ರವರಿ 18ಕ್ಕೆ ಕಂಪನಿಯ ಮುಖ್ಯ ಆಸ್ತಿಗಳನ್ನ 11.6 ಕೋಟಿ ಡಾಲರ್‌ಗೆ ಎಚ್‌ಪಿ ಕೊಳ್ತಿದೆ ಅಂತ ಘೋಷಣೆ ಆಯ್ತು, ಫೆಬ್ರವರಿ 28ಕ್ಕೆ ಪಿನ್ ಸತ್ತೋಯ್ತು. ಹತ್ತು ದಿನ! ಕಾಲ್ ಇಲ್ಲ, ಮೆಸೇಜ್ ಇಲ್ಲ, ಪ್ರಶ್ನೆಗೆ ಉತ್ತರ ಇಲ್ಲ, ಇನ್ನೂ ಕೆಲಸ ಮಾಡುತ್ತೆ ಅಂತ ಕಂಪನಿ ಕೊಟ್ಟ ಉದಾಹರಣೆ ಬ್ಯಾಟರಿ ಎಷ್ಟಿದೆ ಅಂತ ತೋರಿಸೋದು. ಪಿನ್ ಕಂಪನಿಯಿಂದ ಹೊರಟು 90 ದಿನ ದಾಟದೇ ಇರೋರಿಗೆ ಮಾತ್ರ ದುಡ್ಡು ವಾಪಸ್ಸು. ಮೊದಲ ದಿನವೇ ನಂಬಿ ತಗೊಂಡೋರಿಗೆ ಏನೂ ಇಲ್ಲ. ಕೊಟ್ಟೋನು ಕೋಡಂಗಿ ಇಸ್ಕೊಂಡೋನು ಈರಭದ್ರ ಅನ್ನೋದು ಇದಕ್ಕೇ ಹೇಳಿಮಾಡಿಸಿದ ಗಾದೆ.

ಹಾಡು ಕೇಳಿಸೋ ಆ್ಯಪ್ ಸ್ಪಾಟಿಫೈ ಅವರ ಕಾರ್ ಥಿಂಗ್ ಕಥೆನೂ ಹೆಚ್ಚು ಕಮ್ಮಿ ಇದೇ, ಕಾರಿನ ಡ್ಯಾಶ್‌ಬೋರ್ಡಿಗೆ ಹಾಕೋ ಪುಟ್ಟ ಸ್ಕ್ರೀನು, 2022ರಲ್ಲಿ ಎಲ್ಲರಿಗೂ ಮಾರಾಟಕ್ಕೆ ಬಂತು, ಅದೇ ವರ್ಷ ತಯಾರಿಕೆ ನಿಲ್ಲಿಸಿದ್ರು, 2024ರ ಡಿಸೆಂಬರ್ 9ಕ್ಕೆ ರಿಮೋಟಾಗಿ ಬಂದ್ ಮಾಡಿದ್ರು. ಒಳಗಿರೋ ಸ್ಕ್ರೀನು, ನಾಬು ಎಲ್ಲ ಗಟ್ಟಿಮುಟ್ಟಾಗೇ ಇದ್ವು. ಜನ ರೇಗಾಡಿದ ಮೇಲೆ ರಸೀದಿ ತೋರಿಸಿದೋರಿಗೆ ದುಡ್ಡು ವಾಪಸ್ ಕೊಡ್ತೀವಿ ಅಂದ್ರು, ಅದೊಂದು ಒಳ್ಳೇದು.

ಆದ್ರೆ ಸಾಯೋದರಲ್ಲೂ ಮರ್ಯಾದೆ ಉಳಿಸ್ಕೊಂಡ ಕಂಪನಿಗಳಿವೆ, ಅದನ್ನ ಹೇಳದೇ ಬಿಟ್ರೆ ಅನ್ಯಾಯ. ಗೂಗಲ್‌ಗೆ ಪ್ರಾಡಕ್ಟ್ ಶುರು ಮಾಡೋದೂ ಚಟ, ಮುಚ್ಚೋದೂ ಚಟ. ಬೇರೆ ಬೇರೆ ವೆಬ್‌ಸೈಟಿನ ಹೊಸ ಬರಹಗಳನ್ನ ಒಂದೇ ಕಡೆ ಓದಿಸ್ತಿದ್ದ ರೀಡರ್ ಮುಚ್ಚಿದ್ರು 2013ರಲ್ಲಿ, ಫೇಸ್‌ಬುಕ್ ಥರದ ಗೂಗಲ್ ಪ್ಲಸ್ ಮುಚ್ಚಿದ್ರು 2019ರಲ್ಲಿ, ರೀಡರ್ ಹೋದ ನೋವು ನಂಗಿನ್ನೂ ಇದೆ. ಆದ್ರೆ ಸ್ಟೇಡಿಯಾ ಅನ್ನೋ ಗೇಮಿಂಗ್ ಸರ್ವಿಸ್‌ನ 2023ರ ಜನವರಿಯಲ್ಲಿ ನಿಲ್ಲಿಸಿದಾಗ ತಮ್ಮ ಸ್ಟೋರಲ್ಲಿ ಕೊಂಡ ಹಾರ್ಡ್‌ವೇರ್ ದುಡ್ಡೂ ವಾಪಸ್ ಕೊಟ್ರು, ಗೇಮ್‌ಗಳ ದುಡ್ಡೂ ವಾಪಸ್ ಕೊಟ್ರು, ಅಷ್ಟು ಸಾಲದು ಅಂತ ಕೈಲಿ ಹಿಡಿದು ಗೇಮ್ ಆಡೋ ಅದರ ಕಂಟ್ರೋಲರ್ ಕಸಕ್ಕೆ ಹೋಗಬಾರದು ಅಂತ ಅದರ ಬ್ಲೂಟೂತ್ ತೆರೆದುಕೊಡೋ ಅಪ್‌ಡೇಟೂ ಬಿಟ್ರು. ಈಗ ಅದನ್ನ ಕಂಪ್ಯೂಟರಿಗೆ ಹಾಕಿ ಬೇರೆ ಯಾವ ಗೇಮ್ ಬೇಕಾದ್ರೂ ಆಡಬಹುದು. ಒಂದು ಸಣ್ಣ ಅಪ್‌ಡೇಟ್, ಎಷ್ಟು ಕಂಟ್ರೋಲರ್‌ಗಳು ಉಳಕೊಂಡ್ವು ನೋಡಿ!

ಇದಕ್ಕಿಂತ ನಂಗೆ ಹತ್ತಿರವಾದದ್ದು ಪೆಬಲ್ ವಾಚ್. 2012ರಲ್ಲಿ ಕಿಕ್‌ಸ್ಟಾರ್ಟರ್ ಅನ್ನೋ ವೆಬ್‌ಸೈಟಲ್ಲಿ ಜನರಿಂದಲೇ 1 ಕೋಟಿ ಡಾಲರ್‌ಗೂ ಮೀರಿ ದುಡ್ಡು ಎತ್ತಿ ಮಾಡಿದ ಸ್ಮಾರ್ಟ್‌ವಾಚ್, ಬಿಸಿಲಲ್ಲೂ ಓದೋಕಾಗೋ ಸ್ಕ್ರೀನು, ಒತ್ತೋಕೆ ನಿಜವಾದ ಬಟನ್ನು, ಒಂದು ಸಲ ಚಾರ್ಜ್ ಮಾಡಿದ್ರೆ ದಿನಗಟ್ಟಲೆ ಓಡೋದು. 2016ರ ಕೊನೆಗೆ ಕಂಪನಿ ಮುಳುಗಿ ಫಿಟ್‌ಬಿಟ್ ಪಾಲಾಯ್ತು, ಫಿಟ್‌ಬಿಟ್ ಆಮೇಲೆ ಗೂಗಲ್ ಪಾಲಾಯ್ತು, 2018ರಲ್ಲಿ ಪೆಬಲ್ ಸರ್ವರೂ ನಿಂತೋಯ್ತು. ಅಲ್ಲಿಗೆ ಮುಗಿದು ಹೋಗಬೇಕಿತ್ತು, ಮುಗೀಲಿಲ್ಲ, ಯಾಕಂದ್ರೆ ಅದನ್ನ ಪ್ರೀತಿಸೋ ಒಂದಷ್ಟು ಜನ ರೆಬಲ್ ಅಂತ ಗುಂಪು ಕಟ್ಕೊಂಡು ಸರ್ವರ್‌ನ ತಾವೇ ನಡೆಸಿದ್ರು. ವರ್ಷಗಟ್ಟಲೆ. ಕೊನೆಗೆ 2025ರ ಜನವರಿಯಲ್ಲಿ ಗೂಗಲ್ ಪೆಬಲ್‌ನ ಸಾಫ್ಟ್‌ವೇರ್ ಕೋಡನ್ನ ಓಪನ್ ಸೋರ್ಸ್ ಮಾಡಿ, ಅಂದ್ರೆ ಯಾರು ಬೇಕಾದ್ರೂ ಬಳಸೋ ಹಾಗೆ ಕೊಟ್ಬಿಡ್ತು, ಅದರ ಮೂಲ ಸ್ಥಾಪಕ ಎರಿಕ್ ಮಿಗಿಕೋವ್‌ಸ್ಕಿ ಅದೇ ಕೋಡಿಂದ ಮತ್ತೆ ಹೊಸ ವಾಚ್ ಮಾಡೋಕೆ ಶುರು ಮಾಡಿದ್ರು. ಇತ್ತೀಚಿನ ಪ್ರಾಡಕ್ಟ್‌ಗಳಲ್ಲಿ ನಂಗೆ ಖುಷಿ ಕೊಟ್ಟಿದ್ದು ಯಾವುದು ಅಂತ ಕೇಳಿದ್ರೆ ಎರಡನೇ ಯೋಚನೆ ಇಲ್ಲದೆ ಇದನ್ನೇ ಹೇಳ್ತೀನಿ, ಕೋಡ್ ಕೊಟ್ಟ ಗೂಗಲ್‌ಗೂ ಇದರಲ್ಲಿ ಪಾಲಿದೆ.

ಮೈಕ್ರೋಸಾಫ್ಟ್ ಮೇಲೆ ನಂಗೆ ಸಿಟ್ಟಿದೆ, ಮುಚ್ಚಿಡಲ್ಲ. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹತ್ತು ವರ್ಷ ಕೊಟ್ರಲ್ಲ ಅಂತ ನೀವನ್ನಬಹುದು, ಒಪ್ತೀನಿ, ಆದ್ರೆ ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು, ಇಲ್ಲದಿದ್ರೆ ಮೆಷೀನ್ ಎಷ್ಟೇ ಚೆನ್ನಾಗಿ ಓಡ್ತಿದ್ರೂ ಇಲ್ಲ ಅಂತಾರೆ. ಒಂದು ವರ್ಷ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಪಡೆಯೋ ದಾರಿ ಒಂದನ್ನ ತೆರೆದಿಟ್ರು ಅನ್ನಿ. ನನ್ನ 2016ರ ಲ್ಯಾಪ್‌ಟಾಪ್ ಹೀಗೇ ಪಟ್ಟಿಯಿಂದ ಹೊರಗೆ ಬಿತ್ತು. ನಾನು ಒಂದು ಭಾನುವಾರ ಕೂತು ಅದರ ತಳದ ಹತ್ತು ಸ್ಕ್ರೂ ಬಿಚ್ಚಿದೆ, ಎರಡು ಉದ್ದ ಎಂಟು ಗಿಡ್ಡ, ಅದಲು ಬದಲು ಆಗಬಾರದು ಅಂತ ಕಾಗದದ ಮೇಲೆ ಅವವೇ ಜಾಗದಲ್ಲಿ ಟೇಪ್ ಹಚ್ಚಿ ಇಟ್ಕೊಂಡೆ, ಉಬ್ಬೋಕೆ ಶುರುವಾಗಿದ್ದ ಬ್ಯಾಟರಿ ತೆಗೆದು ಹೊಸದು ಕೂರಿಸಿದೆ, ಫ್ಯಾನಿನ ರೆಕ್ಕೆ ಮಧ್ಯೆ ಬೆರಳುಗಾತ್ರದ ಧೂಳಿನ ಉಂಡೆ ಇತ್ತು ಅದನ್ನ ಚಿಮುಟದಲ್ಲಿ ಎಳೆದೆ, ವಿಂಡೋಸ್ ಬದಲು ಲಿನಕ್ಸ್ ಹಾಕಿದೆ. ಈ ಉತ್ತರ ಟೈಪ್ ಮಾಡ್ತಿರೋದು ಅದರಲ್ಲೇ. ಇಂಥ ಮೆಷೀನಿಗೆ ವಯಸ್ಸಾಯ್ತು ಅಂತ ಹೇಳೋ ಅಧಿಕಾರ ಯಾವ ಕಂಪನಿಗೂ ಇರಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೈಕ್ರೋಸಾಫ್ಟ್ ಅವರದೇ ರೀಕಾಲ್ ಅನ್ನೋ ಎಐ ಫೀಚರ್ ನೋಡಿ. ಕೆಲವೇ ಸೆಕೆಂಡಿಗೊಂದು ಸಲ ನಿಮ್ಮ ಸ್ಕ್ರೀನಿನ ಫೋಟೋ ತೆಗೆದಿಟ್ಕೊಂಡು ಆಮೇಲೆ ಹುಡುಕೋಕೆ ಕೊಡುತ್ತೆ. 2024ರ ಮೇನಲ್ಲಿ ತೋರಿಸಿದ್ರು, ಸೆಕ್ಯುರಿಟಿ ಬಲ್ಲವರು ಪರೀಕ್ಷೆ ಮಾಡಿ ಡೇಟಾ ಸುಲಭವಾಗಿ ಕದಿಯೋ ಹಾಗಿದೆ ಅಂದ್ಮೇಲೆ ಹಿಂದಕ್ಕೆ ತಗೊಂಡು, ಬೀಗ ಎಲ್ಲ ಜಡಿದು, ಬೇಕಾದವರು ಮಾತ್ರ ಆನ್ ಮಾಡ್ಕೊಳ್ಳೋ ಹಾಗೆ ಮಾಡಿ 2025ರ ಏಪ್ರಿಲಲ್ಲಿ ಬಿಟ್ರು. ಊರು ಕೊಳ್ಳೆ ಹೋಗೋ ಮುಂಚೆ ಕೋಟೆ ಬಾಗಿಲು ಹಾಕಿದ್ರು, ಅದು ಸಮಾಧಾನ, ಆದ್ರೆ ಬಾಗಿಲು ತೆರೆದಿದೆ ಅಂತ ಹೊರಗಿನವರು ಬಂದು ಹೇಳಬೇಕಾಯ್ತಲ್ಲ.

ಆ್ಯಪಲ್‌ನ ಹಾರ್ಡ್‌ವೇರ್ ಬಗ್ಗೆ ನಂಗೆ ಗೌರವ ಇದೆ, ಹಳೇ ಫೋನುಗಳಿಗೆ ವರ್ಷಗಟ್ಟಲೆ ಅಪ್‌ಡೇಟ್ ಕೊಡೋದ್ರಲ್ಲಿ ಮೊದಲಿಂದಲೂ ಮುಂದೆ ಇದ್ದವರು ಅವರೇ. ಆದ್ರೆ ಬ್ಯಾಟರಿ ಸವೆದ ಹಳೇ ಐಫೋನ್‌ಗಳನ್ನ ಸಾಫ್ಟ್‌ವೇರಿಂದ ನಿಧಾನ ಮಾಡ್ತಿದ್ದಿದ್ದನ್ನ ಅವರು ಒಪ್ಕೊಂಡಿದ್ದು 2017ರ ಡಿಸೆಂಬರಲ್ಲಿ, ಅದೂ ಜನ ಅಳೆದು ತೋರಿಸಿದ ಮೇಲೆ. ಫೋನ್ ತಾನಾಗೇ ಆಫ್ ಆಗಬಾರದು ಅನ್ನೋ ಕಾರಣ ಸರಿಯಾದದ್ದೇ, ಹೇಳದೇ ಮಾಡಿದ್ದು ತಪ್ಪು. ಎಷ್ಟು ಜನ ಬ್ಯಾಟರಿ ಬದಲಾಯಿಸಿದ್ರೆ ಸಾಕಿದ್ದ ಕಡೆ ಫೋನನ್ನೇ ಬದಲಾಯಿಸಿರಬಹುದು ಯೋಚನೆ ಮಾಡಿ. ಆಮೇಲೆ ಕ್ಷಮೆ ಕೇಳಿ, ಬ್ಯಾಟರಿ ಬದಲಾವಣೆ ದರ 79 ಡಾಲರಿಂದ 29ಕ್ಕೆ ಇಳಿಸಿ, ಬ್ಯಾಟರಿ ಆರೋಗ್ಯ ತೋರಿಸೋ ಪುಟ ಸೆಟ್ಟಿಂಗ್ಸಲ್ಲಿ ಹಾಕಿದ್ರು. ಆ ಪುಟ ನಿಜವಾಗ್ಲೂ ಉಪಕಾರದ್ದು, ನಾನು ಯಾರ ಹಳೇ ಐಫೋನ್ ನೋಡಿದ್ರೂ ಮೊದಲು ತೆಗೆಯೋದು ಅದನ್ನೇ. ಐಫೋನ್ 16ರಲ್ಲಿ ಬ್ಯಾಟರಿ ಅಂಟಿಗೆ 9 ವೋಲ್ಟ್ ಕರೆಂಟ್ ಕೊಟ್ರೆ ಅಂಟು ತಾನಾಗೇ ಬಿಟ್ಕೊಳ್ಳುತ್ತೆ, ಮೊದಲಿನ ಥರ ಎಳೆದು ಹರಿದು ಒದ್ದಾಡಬೇಕಿಲ್ಲ, ಕ್ಯಾಮೆರಾಗಿಂತ ಇದು ನಂಗೆ ದೊಡ್ಡ ಸುದ್ದಿ. ಮಾತಾಡಿದ್ರೆ ಉತ್ತರ ಕೊಡೋ ಅವರ ಸಿರಿ ವಿಷಯದಲ್ಲಿ ಮಾತ್ರ ಬೇಜಾರು, 2024ರ ಜೂನಲ್ಲಿ ನಿಮ್ಮ ಮೇಲು ಮೆಸೇಜು ಎಲ್ಲ ಅರ್ಥ ಮಾಡ್ಕೊಳ್ಳೋ ಹೊಸ ಸಿರಿ ಬರುತ್ತೆ ಅಂತ ತೋರಿಸಿ ಜಾಹೀರಾತೂ ಓಡಿಸಿ, 2025ರ ಮಾರ್ಚಲ್ಲಿ ತಡ ಆಗುತ್ತೆ ಅಂದ್ರು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರು. ಅದನ್ನ ನಂಬಿ ಫೋನ್ ತಗೊಂಡೋರ ಸಿಟ್ಟು ನ್ಯಾಯವಾದದ್ದು.

ಗೂಗಲ್ 2023ರಲ್ಲಿ ತನ್ನ ಪಿಕ್ಸೆಲ್ 8 ಫೋನಿಗೆ, ಸ್ಯಾಮ್‌ಸಂಗ್ 2024ರಲ್ಲಿ ಎಸ್24 ಫೋನಿಗೆ ಏಳು ವರ್ಷದ ಅಪ್‌ಡೇಟ್ ಮಾತು ಕೊಟ್ಟಿವೆ. ಫೋಲ್ಡ್ ಆಗೋ ಸ್ಕ್ರೀನಿಗಿಂತ ಈ ಮಾತು ನಂಗೆ ಮುಖ್ಯ. ಇನ್ನು ಯುರೋಪಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ: ಅಲ್ಲಿ ಮಾರೋ ಹೊಸ ಫೋನಿನ ಬ್ಯಾಟರಿ 800 ಸಲ ಚಾರ್ಜ್ ಆದ್ಮೇಲೂ ಶೇ. 80ರಷ್ಟು ಹಿಡಿಯಬೇಕು, ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಸಿಗಬೇಕು. ಕಂಪನಿಗಳ ಒಳ್ಳೇತನ ಕಾಯ್ಕೊಂಡು ಕೂರೋದಕ್ಕಿಂತ ಇದು ವಾಸಿ. ಹಾಗೇ ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ನೋಡಿದ್ದೀರಾ? 2021ರಿಂದ ಮಾಡ್ತಿದ್ದಾರೆ, ಬಾಕ್ಸಲ್ಲೇ ಸ್ಕ್ರೂಡ್ರೈವರ್ ಇಟ್ಟು ಕೊಡ್ತಾರೆ, ಒಳಗಿನ ಪಾರ್ಟ್‌ಗಳ ಮೇಲೆ ಕ್ಯೂಆರ್ ಕೋಡ್ ಇರುತ್ತೆ, ಸ್ಕ್ಯಾನ್ ಮಾಡಿದ್ರೆ ಅದನ್ನ ಬದಲಾಯಿಸೋದು ಹೇಗೆ ಅಂತ ಬರುತ್ತೆ. 2021ರ ಮೆಷೀನಿಗೆ ಈಗಿನ ಮದರ್‌ಬೋರ್ಡ್ ಹಾಕಬಹುದು. ಬಿಚ್ಚಿ ನೋಡು ಅಂತ ಗ್ರಾಹಕನಿಗೆ ಹೇಳೋಕೆ ಕಂಪನಿಗೆ ಎದೆಗಾರಿಕೆ ಬೇಕು.

ಹಾಗಾದ್ರೆ ಎಐ ಗ್ಯಾಜೆಟ್ ತಗೋಬೇಕಾ ಬೇಡ್ವಾ? ಬರೀ ಎಐಗೆ ಅಂತಲೇ ಮಾಡಿದ ಬ್ಯಾಡ್ಜು, ಪೆಟ್ಟಿಗೆ, ಪದಕಗಳನ್ನ ಈಗ ತಗೋಬೇಡಿ, ಅವು ಮಾಡೋ ಹೆಚ್ಚಿನ ಕೆಲಸ ನಿಮ್ಮ ಫೋನೇ ಮಾಡುತ್ತೆ, ಫೋನಿಂದ ಆ ಆ್ಯಪ್ ಹೋದ್ರೂ ಫೋನ್ ಉಳಿಯುತ್ತೆ. ಬೇರೆ ಯಾವುದೇ ಸ್ಮಾರ್ಟ್ ವಸ್ತು ತಗೊಂಡ್ರೂ ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆ ಮನೆ ವೈಫೈ ಆಫ್ ಮಾಡಿ ಒಂದು ದಿನ ಬಳಸಿ ನೋಡಿ. ಸ್ಪೀಕರಲ್ಲಿ ಹಾಡು ಬರುತ್ತಾ, ಬಲ್ಬ್ ಗೋಡೆ ಸ್ವಿಚ್ಚಿಗೆ ಹತ್ತುತ್ತಾ, ಕ್ಯಾಮೆರಾ ತನ್ನ ಕಾರ್ಡಿಗೇ ರೆಕಾರ್ಡ್ ಮಾಡುತ್ತಾ. ಆ ಒಂದು ದಿನ ಏನೇನು ಕೆಲಸ ಮಾಡುತ್ತೋ ಅಷ್ಟು ಮಾತ್ರ ನಿಮ್ಮದು, ಮಿಕ್ಕಿದ್ದು ಬಾಡಿಗೆಗೆ ಸಿಕ್ಕಿರೋದು, ಬೆಲೆ ನೋಡುವಾಗ ಹಾಗೇ ಲೆಕ್ಕ ಹಾಕಿ.

ಅಮ್ಮನಿಗೆ ಈಗ ಇಂಟರ್ನೆಟ್ಟೇ ಇಲ್ಲದ ಫ್ರೇಮ್ ಕೊಟ್ಟಿದ್ದೀನಿ, ಹಿಂದೆ ಮೆಮೊರಿ ಕಾರ್ಡ್ ಹಾಕೋ ಜಾಗ ಇದೆ. ಹೋದಾಗಲೆಲ್ಲ ಕಾರ್ಡ್ ತೆಗೆದು ಹೊಸ ಫೋಟೋ ತುಂಬಿಸ್ತೀನಿ, ಮೊದಲಿನ ಥರ ದೂರದಿಂದ ಕಳಿಸೋಕೆ ಆಗಲ್ಲ, ಅದೊಂದು ಕೊರತೆ ಇದ್ದೇ ಇದೆ. ಹೋದ ವಾರ ಅಮ್ಮ ಅಪ್ಪನ ಫೋಟೋ ಇನ್ನೂ ಸ್ವಲ್ಪ ಹೊತ್ತು ನಿಲ್ಲೋ ಹಾಗೆ ಮಾಡಿಕೊಡು ಅಂದ್ರು, ಹತ್ತು ಸೆಕೆಂಡಿದ್ದಿದ್ದನ್ನ ಮೂವತ್ತು ಮಾಡಿ ಬಂದೆ.