ತುಮಕೂರಿನ ಸುತ್ತ ದನಗಳ ಕ್ಷೇಮದ ಬಗ್ಗೆ ಪಿಎಚ್‌ಡಿ ಮಾಡಬಹುದೇ?

ಎಂ.ವಿ.ಎಸ್ಸಿ. (ಪಶುವೈದ್ಯಕೀಯ ಸ್ನಾತಕೋತ್ತರ ಪದವಿ) ಮುಗಿದಿದೆ, ಮಾಂಸದ ದನಗಳ ಕ್ಷೇಮದ ಮೇಲೆ ಪಿಎಚ್‌ಡಿ ಮಾಡಬೇಕು ಎಂದು ಕೇಳಿದ್ದೀರಿ. ಗೋಮಾಂಸಕ್ಕೆಂದೇ ಸಾಕುವ ಹಿಂಡುಗಳ ಅಧ್ಯಯನಕ್ಕೆ ಬ್ರಿಟನ್, ಆಸ್ಟ್ರೇಲಿಯಾದಂಥ ಕಡೆ ಹೋಗುವುದೇ ಸರಿ. ನಮ್ಮಲ್ಲಿ 2020ರ ಗೋಹತ್ಯೆ ನಿಷೇಧ ಕಾಯ್ದೆ ಇದೆ. ಆದರೆ ಕ್ಷೇಮವೇ ಮುಖ್ಯವಾದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಜಾನುವಾರು ಉತ್ಪಾದನೆ ಮತ್ತು ನಿರ್ವಹಣೆ ವಿಭಾಗದಲ್ಲಿ ವಿಚಾರಿಸಿ. ವಿಷಯವಂತೂ ಮನೆ ಬಾಗಿಲಲ್ಲೇ ಇದೆ: ಸಿದ್ಧಗಂಗೆ ಜಾತ್ರೆಗೆ ಬರುವ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಗಳು, ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಅಮೃತಮಹಲ್ ತಳಿಯ ಫಾರಂ, ಕೋಲಾರದ ಮಿಶ್ರತಳಿಯ ಗಂಡುಕರುಗಳು. ಗಂಡುಕರುಗಳ ಪಾಡನ್ನು ಯಾರಾದರೂ ಗಂಭೀರವಾಗಿ ಅಳೆಯಲೇಬೇಕು.

ಅಳತೆಯಲ್ಲೇ ಹೆಚ್ಚು ಎಡವುವುದು. ದನಕ್ಕೆ ಮನುಷ್ಯರ ಭಯ ಎಷ್ಟಿದೆ ಎಂದು ನೋಡಲು ಎರಡು-ಮೂರು ಮೀಟರ್ ದೂರದಿಂದ ಕೈ ಮುಂದೆ ಚಾಚಿ, ಸೆಕೆಂಡಿಗೊಂದು ಹೆಜ್ಜೆಯಂತೆ ಹತ್ತಿರ ಹೋಗುತ್ತಾರೆ. ಅದು ಹಿಂಜರಿದ ಕ್ಷಣದಲ್ಲಿ ಕೈಗೂ ಮೂತಿಗೂ ಇರುವ ಅಂತರವನ್ನು ಬರೆದುಕೊಳ್ಳುತ್ತಾರೆ. ಇದು ಯುರೋಪಿನಲ್ಲಿ ಕಟ್ಟದೆ ಬಿಟ್ಟು ಸಾಕುವ ದನಗಳಿಗೆ ಹೊಂದುವ ವಿಧಾನ. ನಮ್ಮ ದನ ಗೂಟಕ್ಕೆ ಕಟ್ಟಿರುತ್ತದೆ. ಹೆದರಿದರೂ ಹಗ್ಗ ಬಿಡದು. ಹಾಗಾಗಿ ಹಗ್ಗದ ಉದ್ದವನ್ನೂ ತಲೆ ತಿರುಗಿಸಿದ್ದನ್ನೂ ಬೇರೆಯಾಗಿ ದಾಖಲಿಸಿ. ಕುತ್ತಿಗೆಯ ನೊಗದ ಗಾಯ, ಮೈಕಟ್ಟಿನ (ದನ ಎಷ್ಟು ಬಡಕಲು, ಎಷ್ಟು ಕೊಬ್ಬಿದೆ ಎಂಬುದರ) ಅಂಕಗಳನ್ನು ಇಬ್ಬರು ಪ್ರತ್ಯೇಕವಾಗಿ ಕೊಟ್ಟು ಹೋಲಿಸಿ. ಪ್ರಾಣಿಗಳ ಮೇಲಿನ ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಯ ಒಪ್ಪಿಗೆಯನ್ನು ಜಾತ್ರೆಗೆ ತಿಂಗಳುಗಳ ಮೊದಲೇ ಕೇಳಿ. ಜಾತ್ರೆ ನಡೆಯುವ ಶಿವರಾತ್ರಿ ತಪ್ಪಿದರೆ ಒಂದು ವರ್ಷವೇ ಹೋಗುತ್ತದೆ.