ದೇವರು ಸುಮ್ಮನಿದ್ದಾನೆ ಅನ್ನಿಸಿದಾಗ

ಸಹೋದರಿಯವರೇ, ಪತಿಯ ಕೆಲಸ ಹೋಗಿ ತಿಂಗಳುಗಳಾದವು, ಮನೆ ಬಾಡಿಗೆ ಬಾಕಿಯಿದೆ, ಪ್ರಾರ್ಥನೆಗೆ ಉತ್ತರವಿಲ್ಲ, ನನ್ನ ನಂಬಿಕೆಯಲ್ಲೇ ಕೊರತೆಯಿದೆಯೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಯಾರಾದರೂ ಹಾಗೆ ಹೇಳಿದ್ದರೆ ಆ ಮಾತನ್ನು ಮನಸ್ಸಿನಿಂದ ತೆಗೆದುಹಾಕಿ. ಬೈಬಲಿನ 13ನೆಯ ಕೀರ್ತನೆಯಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಬಾರಿ ಬರುತ್ತದೆ, ಅದೂ ಪ್ರಾರ್ಥನೆಯೇ.

ಬೈಬಲಿನಲ್ಲೇ ಇರುವ, ಪರ್ಷಿಯಾದ ಅರಸನ ಯೆಹೂದ್ಯ ರಾಣಿ ಎಸ್ತೇರಳ ಪುಸ್ತಕವನ್ನು ನಿಧಾನವಾಗಿ ಓದಿ. ಅದರ ಹೀಬ್ರೂ ಮೂಲದಲ್ಲಿ ದೇವರ ಹೆಸರು ಒಮ್ಮೆಯೂ ಇಲ್ಲ. ಎಸ್ತೇರಳನ್ನು ಸಾಕಿದ ಬಂಧು ಮೊರ್ದೆಕೈ ಅರಸನ ಪ್ರಾಣ ಉಳಿಸಿದ. ಅದು ರಾಜ್ಯದ ವೃತ್ತಾಂತದಲ್ಲಿ ದಾಖಲಾಯಿತು, ಅಷ್ಟೇ. ಬಡ್ತಿ ಸಿಕ್ಕಿದ್ದು ಯೆಹೂದ್ಯರ ವೈರಿಯಾದ ಅಧಿಕಾರಿ ಹಾಮಾನನಿಗೆ. ಯೆಹೂದ್ಯರೆಲ್ಲರ ಸಂಹಾರಕ್ಕೆ ಆಜ್ಞೆ ಹೊರಟಿತು, ಮೊರ್ದೆಕೈಗಾಗಿ ಗಲ್ಲುಗಂಬವೂ ಸಿದ್ಧವಾಯಿತು. ಆ ರಾತ್ರಿಯೇ ಅರಸನಿಗೆ ನಿದ್ದೆ ಬರಲಿಲ್ಲ. ವೃತ್ತಾಂತವನ್ನು ತರಿಸಿ ಓದಿಸಿದಾಗ ಮೊರ್ದೆಕೈಯ ಉಪಕಾರ ಬೆಳಕಿಗೆ ಬಂತು, ಅಲ್ಲಿಂದಲೇ ಕಥೆ ತಿರುಗಿತು. ಸಮುದ್ರ ಇಬ್ಭಾಗವಾಗಲಿಲ್ಲ, ಆಕಾಶದಿಂದ ಬೆಂಕಿ ಇಳಿಯಲಿಲ್ಲ. ಕಷ್ಟದ ದಿನಗಳಲ್ಲಿ ಈ ಆರನೆಯ ಅಧ್ಯಾಯವೇ ನನ್ನನ್ನು ಹಿಡಿದು ನಿಲ್ಲಿಸಿದೆ.

ಹಾಗೆಂದು ಎಸ್ತೇರಳು ಒಬ್ಬಳೇ ಕುಳಿತು ಕಾಯಲಿಲ್ಲ. ಮೂರು ದಿನ ತನಗಾಗಿ ಉಪವಾಸವಿರಲು ಶೂಷನ್ ನಗರದ ಯೆಹೂದ್ಯರನ್ನೆಲ್ಲ ಕೇಳಿಕೊಂಡಳು. ನೀವೂ ಸಭೆಯ ಹಿರಿಯರಿಗೆ ಬಾಡಿಗೆಯ ವಿಷಯವನ್ನೂ ಸೇರಿಸಿ ಎಲ್ಲವನ್ನೂ ಸಂಕೋಚವಿಲ್ಲದೆ ಹೇಳಿ. ಹೋಗುವಾಗ ಪತಿಯವರೂ ಜೊತೆಗಿರಲಿ.